ಕಾಡಿನ ನೆಲದ ಉರುವಲು

ಯರಗೇರಾದ ಮನೆಗಳಲ್ಲಿ ಕಟ್ಟಿಗೆಯ ಒಲೆ ಹೊತ್ತಿಸುವ ಕ್ರಮವನ್ನು ನಾವು ಬಾಲ್ಯದಿಂದಲೂ ಕಂಡಿದ್ದೇವೆ. ಮೊದಲು ಜೋಳದ ಒಣ ರವದಿ, ಅದರ ಮೇಲೆ ಹತ್ತಿಯ ಕಟ್ಟಿಗೆ, ಕೊನೆಗೆ ಜಾಲಿಯ ಕೊರಡು. ಕೊರಡಿಗೇ ನೇರವಾಗಿ ಕಡ್ಡಿ ಗೀರಿದರೆ ಅದು ಕಪ್ಪಾಗುವುದೇ ಹೊರತು ಹೊತ್ತಿಕೊಳ್ಳದು. ಇದಕ್ಕೆ ಕಾರಣವೇನು?

ಒಂದೇ ತೂಕದ ಕಟ್ಟಿಗೆಯಲ್ಲಿ, 20 ಸೆಂಟಿಮೀಟರ್ ದಪ್ಪದ ಕೊರಡಿಗಿಂತ 2 ಮಿಲಿಮೀಟರ್ ದಪ್ಪದ ಕಡ್ಡಿಗಳಿಗೆ ನೂರು ಪಟ್ಟು ಹೆಚ್ಚು ಮೇಲ್ಮೈ ಇರುತ್ತದೆ. ಆದುದರಿಂದ ಅವು ಬೇಗನೆ ಒಣಗುತ್ತವೆ, ಬೇಗನೆ ಕಾಯುತ್ತವೆ, ಬೇಗನೆ ಹೊತ್ತಿಕೊಳ್ಳುತ್ತವೆ.

ಕಾಡೂ ಇಂತಹುದೇ ಒಂದು ಒಲೆ. ನೆಲದ ಮೇಲೆ ತರಗೆಲೆ ಮತ್ತು ಹುಲ್ಲು. ಅದರ ಮೇಲೆ ಪೊದೆ ಮತ್ತು ಎಳೆಯ ಗಿಡಗಳು. ಎಲ್ಲಕ್ಕೂ ಮೇಲೆ ಮರಗಳ ತಲೆಗಳು. ನೆಲದ ಕಿಚ್ಚು ಪೊದೆಗಳೆಂಬ ಏಣಿಯನ್ನು ಹತ್ತಿ ಮರದ ತಲೆಗೇರಿತೆಂದರೆ ಅದನ್ನು ಆರಿಸುವುದು ಅತಿ ಕಷ್ಟ. ಬಿಸಿಲು ಗಾಳಿಗಳನ್ನು ನಾವು ತಡೆಯಲಾರೆವು. ನಮ್ಮ ಕೈಯಳವಿನಲ್ಲಿರತಕ್ಕದ್ದು ಉರುವಲೊಂದೇ.

ಕಿಚ್ಚಿನ ತೀವ್ರತೆಯನ್ನು ಅಳೆಯುವ ಸೂತ್ರವೊಂದನ್ನು ಅಮೆರಿಕದ ಬೈರಂ ಎಂಬ ವಿಜ್ಞಾನಿಯು 1959ರಲ್ಲಿ ಕೊಟ್ಟನು. ಒಂದು ಕಿಲೋಗ್ರಾಂ ಉರುವಲಿನ ಉಷ್ಣ, ಒಂದು ಚದರ ಮೀಟರಿನಲ್ಲಿ ಉರಿಯುವ ಉರುವಲಿನ ತೂಕ, ಕಿಚ್ಚು ಮುನ್ನುಗ್ಗುವ ವೇಗ, ಈ ಮೂರನ್ನೂ ಗುಣಿಸಿದರೆ ಕಿಚ್ಚಿನ ಅಂಚಿನ ಪ್ರತಿ ಮೀಟರಿನ ಶಕ್ತಿಯು ದೊರೆಯುತ್ತದೆ. ಒಣ ಸೌದೆಯ ಉಷ್ಣವು ಸುಮಾರು 18,000 ಕಿಲೋಜೌಲ್. ಚದರ ಮೀಟರಿಗೆ 0.3 ಕಿಲೋಗ್ರಾಂ ತರಗೆಲೆಯಿದ್ದು, ಕಿಚ್ಚು ಸೆಕೆಂಡಿಗೆ 2 ಸೆಂಟಿಮೀಟರ್ ಸಾಗುವುದೆಂದು ಭಾವಿಸೋಣ. ಆಗ ತೀವ್ರತೆಯು 108 ಕಿಲೋವಾಟ್. ಜ್ವಾಲೆಯ ಉದ್ದ ಎರಡಡಿಯಷ್ಟು. ಉರುವಲೂ ವೇಗವೂ ಐದೈದು ಪಟ್ಟಾದರೆ ತೀವ್ರತೆಯು ಇಪ್ಪತ್ತೈದು ಪಟ್ಟಾಗಿ 2,700 ಕಿಲೋವಾಟಿಗೇರುತ್ತದೆ; ಜ್ವಾಲೆಯು ಮೂರು ಮೀಟರ್ ಚಾಚುತ್ತದೆ. ಸುಮಾರು 350 ಕಿಲೋವಾಟನ್ನು ಮೀರಿದ ಕಿಚ್ಚಿನ ಎದುರು ಕೈಸಲಕರಣೆ ಹಿಡಿದ ಮನುಷ್ಯನು ನಿಲ್ಲಲಾರನು.

ಈ ಲೆಕ್ಕವನ್ನು ಮರೆತುದರ ಫಲವನ್ನು ಅಮೆರಿಕದ ಪಶ್ಚಿಮ ಭಾಗದ ಒಣ ಅರಣ್ಯಗಳಲ್ಲಿ ಕಾಣಬಹುದು. ಅಲ್ಲಿಯ ಪಾಂಡೆರೋಸಾ ಪೈನ್ ಮರಗಳ ನಡುವೆ ಹಿಂದೆ ಕೆಲವು ವರ್ಷಗಳಿಗೊಮ್ಮೆ ಸಣ್ಣ ಕಿಚ್ಚು ಹರಿದುಹೋಗುತ್ತಿತ್ತು. ದಪ್ಪ ತೊಗಟೆಯ ಹಿರಿಯ ಮರಗಳು ಬದುಕುತ್ತಿದ್ದವು. 1910ರ ಆಗಸ್ಟಿನಲ್ಲಿ ಎರಡು ದಿನಗಳಲ್ಲಿ ಸುಮಾರು 12 ಲಕ್ಷ ಹೆಕ್ಟೇರ್ ಕಾಡು ಸುಟ್ಟುಹೋದ ಬಳಿಕ, ಎಲ್ಲ ಬೆಂಕಿಯೂ ಶತ್ರುವೆಂಬ ಭಾವನೆ ಬಲಿಯಿತು. ಕಂಡ ಬೆಂಕಿಯನ್ನು ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಆರಿಸಬೇಕೆಂಬ ನಿಯಮವು 1935ರಲ್ಲಿ ಬಂದಿತು. ಕಿಚ್ಚುಗಳು ಆರಿದವು, ಉರುವಲು ಉಳಿಯಿತು. ಈಗ ಅಲ್ಲಿ ಎಳೆಯ ಮರಗಳನ್ನು ತೆಳುವಾಗಿಸಿ, ತಕ್ಕ ಹವೆಯಲ್ಲಿ ನೆಲದ ಕಸವನ್ನು ತಾವೇ ಸುಡುತ್ತಾರೆ.

ನಮ್ಮ ನಾಡಿನಲ್ಲಿ ಈ ತಿಳಿವಳಿಕೆ ಹೊಸದಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಮೊದಲಲ್ಲಿಯೇ ತರಗೆಲೆಗೆ ಕಿಚ್ಚಿಡುತ್ತಿದ್ದರು. ಇದನ್ನು ಅವರು ತರಗು ಬೆಂಕಿಯೆಂದು ಕರೆಯುತ್ತಾರೆ. 1974ರಲ್ಲಿ ಆ ಬೆಟ್ಟವು ವನ್ಯಜೀವಿಧಾಮವಾದ ಮೇಲೆ ಈ ಪದ್ಧತಿಯು ನಿಂತಿತು. ಅನಂತರ ಅಲ್ಲಿ ಲಂಟಾನದ ಪೊದೆಗಳು ದಟ್ಟವಾಗಿ ಹಬ್ಬಿದವು. ಬೆಂಕಿ ನಿಂತುದೇ ಇದಕ್ಕೆ ಕಾರಣವೆಂದು ಸೋಲಿಗರ ಹಿರಿಯರು ಹೇಳುತ್ತಾರೆ. ಪದೇ ಪದೇ ಬೀಳುವ ಬೆಂಕಿಯೇ ಲಂಟಾನಕ್ಕೆ ದಾರಿ ಮಾಡಿಕೊಡುವುದೆಂದು ವಾದಿಸುವ ವಿಜ್ಞಾನಿಗಳೂ ಇದ್ದಾರೆ. ಆದರೆ ಒಣಗಿದ ಲಂಟಾನವು ಕಿಚ್ಚಿಗೆ ಏಣಿಯಾಗುವುದೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಅಲ್ಲಿಂದ ಅನತಿದೂರದ ಬಂಡೀಪುರದಲ್ಲಿ 2019ರ ಫೆಬ್ರವರಿಯಲ್ಲಿ ಸುಮಾರು 4,400 ಹೆಕ್ಟೇರ್ ಕಾಡು ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು.

ಹಾಗೆಂದು ನಾಳೆಯೇ ಕಾಡಿಗೆ ಕಡ್ಡಿ ಗೀರಬಹುದೆ? ಖಂಡಿತ ಕೂಡದು. ಲಂಟಾನವು ತುಂಬಿರುವಲ್ಲಿ ಹಿಂದಿನ ತಣ್ಣನೆಯ ತರಗು ಬೆಂಕಿಯೂ ಇಂದು ಭೀಕರವಾಗಬಲ್ಲುದು. ಮೊದಲು ಪೊದೆಯನ್ನು ಕಿತ್ತು ತೆಗೆಯಬೇಕು. ಬಳಿಕವೇ ಕಾಲ, ಗಾಳಿ, ತೇವಗಳನ್ನರಿತು, ಬಲ್ಲವರ ಕೈಯಿಂದ ಬೆಂಕಿ. ಸದಾ ತೇವವಾಗಿರುವ ಶೋಲಾ ಕಾಡುಗಳಲ್ಲಂತೂ ಅದೂ ಸಲ್ಲದು.

ಒಲೆಯ ಮುಂದೆ ಕುಳಿತ ನಮ್ಮ ತಾಯಂದಿರು ಉರಿ ಹೆಚ್ಚಾದಾಗ ಮಾಡುವುದೇನು? ನೀರು ಸುರಿಯುವುದಿಲ್ಲ, ಒಂದೆರಡು ಕಟ್ಟಿಗೆಗಳನ್ನು ಹಿಂದಕ್ಕೆಳೆಯುತ್ತಾರೆ. ಕಾಡನ್ನು ಕಾಯುವವರು ಕಲಿಯಬೇಕಾದ ಪಾಠವೂ ಇದೇ ಆಗಿದೆ.