ಒಂದು ಸೂಟ್‌ಕೇಸ್ ತುಂಬ ಓಟು

ಅಟ್ಲಾಂಟಾದ ನಡುಪೇಟೆಯಲ್ಲಿದ್ದ ರಿಚಸ್ ಅಂಗಡಿಯಲ್ಲಿ ಕಪ್ಪುಜನ ಕೋಟು ಕೊಳ್ಳಬಹುದು, ಮೇಜು ಕುರ್ಚಿ ಕೊಳ್ಳಬಹುದು, ಕೈಯಲ್ಲಿ ಕಾಸಿಲ್ಲದಿದ್ದರೆ ಲೆಕ್ಕಕ್ಕೆ ಬರೆಸಿಯೂ ಒಯ್ಯಬಹುದು. ಆದರೆ ಅದೇ ಅಂಗಡಿಯ ಮ್ಯಾಗ್ನೋಲಿಯಾ ರೂಮ್‌ನಲ್ಲಿ ಕೂತು ಊಟ ಕೇಳುವಂತಿಲ್ಲ. 1960ರ ಅಕ್ಟೋಬರ್ 19, ಬುಧವಾರ. ಒಗೆದು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟ ಕಾಲೇಜು ಹುಡುಗ ಹುಡುಗಿಯರು ಅಂಗಡಿಯೊಳಗೆ ಬರುತ್ತಾರೆ. ಅವರ ಒತ್ತಾಯಕ್ಕೆ ಕಟ್ಟುಬಿದ್ದು ಜೊತೆಗೆ ಬಂದವರು ಮೂವತ್ತೊಂದು ವಯಸ್ಸಿನ ಪಾದ್ರಿ, ಮಾರ್ಟಿನ್ ಲೂಥರ್ ಕಿಂಗ್. ಊಟ ಕೊಡುವುದಿಲ್ಲ ಅನ್ನುತ್ತಾರೆ ಅಂಗಡಿಯವರು. ಏಳುವುದಿಲ್ಲ ಅನ್ನುತ್ತಾರೆ ಇವರು. ಸಂಜೆಯ ಹೊತ್ತಿಗೆ ಕಿಂಗ್ ಜೈಲಿನಲ್ಲಿದ್ದಾರೆ, ಜಾಮೀನು ಬೇಡ ಎಂದಿದ್ದಾರೆ.

ಅಧ್ಯಕ್ಷ ಚುನಾವಣೆಗೆ ಇನ್ನು ಇಪ್ಪತ್ತೇ ದಿನ. ಒಂದು ಕಡೆ ರಿಪಬ್ಲಿಕನ್ ಪಕ್ಷದ, ಆಗ ದೇಶದ ಉಪಾಧ್ಯಕ್ಷರಾಗಿದ್ದ ರಿಚರ್ಡ್ ನಿಕ್ಸನ್, ಇನ್ನೊಂದು ಕಡೆ ಡೆಮಾಕ್ರಟಿಕ್ ಪಕ್ಷದ ಸೆನೆಟರ್ ಜಾನ್ ಕೆನಡಿ.

ಅಟ್ಲಾಂಟಾದ ಮೇಯರ್ ಹಾರ್ಟ್ಸ್‌ಫೀಲ್ಡ್ ಮಧ್ಯೆ ಬಂದು ರಾಜಿ ಮಾಡಿಸಿದರು. ವಿದ್ಯಾರ್ಥಿಗಳೆಲ್ಲ ಹೊರಬಂದರು, ಕಿಂಗ್ ಬರಲಿಲ್ಲ. ಪಕ್ಕದ ಡಿಕಾಲ್ಬ್ ಕೌಂಟಿಯವರು ಹಳೆಯ ಕಡತವೊಂದನ್ನು ಕೆದಕಿ ತೆಗೆದಿದ್ದರು. ಆ ವರ್ಷದ ಮೇ ತಿಂಗಳಲ್ಲಿ ಕಿಂಗ್ ದಂಪತಿ ಲಿಲಿಯನ್ ಸ್ಮಿತ್ ಎಂಬ ಲೇಖಕಿಯನ್ನು ಕಾರಿನಲ್ಲಿ ಆಸ್ಪತ್ರೆಗೆ ಬಿಡಲು ಹೊರಟಿದ್ದರು. ಆಕೆ ಕ್ಯಾನ್ಸರ್ ರೋಗಿ, ಬಿಳಿಯ ಹೆಂಗಸು. ಕಪ್ಪು ಗಂಡಸಿನ ಕಾರಿನಲ್ಲಿ ಬಿಳಿ ಹೆಂಗಸನ್ನು ಕಂಡ ಪೊಲೀಸರು ಗಾಡಿ ತಡೆದರು. ಕಿಂಗ್ ಅಲಬಾಮಾದಿಂದ ಜಾರ್ಜಿಯಾಕ್ಕೆ ಮನೆ ಬದಲಿಸಿದ ಮೇಲೆ ಲೈಸೆನ್ಸ್ ಬದಲಿಸಿರಲಿಲ್ಲ. ಇಪ್ಪತ್ತೈದು ಡಾಲರ್ ದಂಡ, ಅದರ ಜೊತೆಗೆ ಷರತ್ತಿನ ಮೇಲೆ ಅಮಾನತ್ತಿನಲ್ಲಿಟ್ಟ ಜೈಲುಶಿಕ್ಷೆ. ಈಗ ರಿಚಸ್‌ನಲ್ಲಿ ಬಂಧನವಾದದ್ದು ಆ ಷರತ್ತಿನ ಉಲ್ಲಂಘನೆ ಎಂದು ನ್ಯಾಯಾಧೀಶ ಆಸ್ಕರ್ ಮಿಚೆಲ್ ತೀರ್ಪು ಕೊಟ್ಟರು. ಕಠಿಣ ದುಡಿಮೆಯ ನಾಲ್ಕು ತಿಂಗಳ ಶಿಕ್ಷೆ.

ನ್ಯಾಯಾಲಯದಲ್ಲಿ ಕೊರೆಟ್ಟಾ ಕಿಂಗ್ ಅತ್ತರು. ಆಗ ಅವರು ಆರು ತಿಂಗಳ ಬಸುರಿ, ಮನೆಯಲ್ಲಿ ಇಬ್ಬರು ಮಕ್ಕಳು. ಆ ರಾತ್ರಿ ಕಳೆಯುವ ಮೊದಲೇ, ಇನ್ನೂ ಕತ್ತಲಿರುವಾಗ, ಕಿಂಗ್ ಅವರನ್ನು ಎಬ್ಬಿಸಿ ಕೈಕಾಲಿಗೆ ಸಂಕೋಲೆ ಹಾಕಿ ಕಾರಿಗೆ ಹತ್ತಿಸಿದರು. ಇನ್ನೂರು ಮೈಲಿಗೂ ದೂರದ ರೀಡ್ಸ್‌ವಿಲ್ ಸೆರೆಮನೆಗೆ ಪಯಣ. ಜಾರ್ಜಿಯಾದಂಥ ರಾಜ್ಯದಲ್ಲಿ ನಡುರಾತ್ರಿ ಪೊಲೀಸರ ಕಾರು ಹತ್ತಿದ ಕಪ್ಪು ಮನುಷ್ಯ ಬೆಳಿಗ್ಗೆ ಬದುಕಿರುತ್ತಾನೆಂಬ ಖಾತ್ರಿ ಯಾರಿಗೂ ಇರಲಿಲ್ಲ. ಸುದ್ದಿ ತಿಳಿದಾಗ ಕೊರೆಟ್ಟಾ ಪಟ್ಟ ಭಯಕ್ಕೆ ಆ ನಾಡಿನ ನೂರಾರು ಹೆಣಗಳ ಸಾಕ್ಷಿಯಿತ್ತು. ರೀಡ್ಸ್‌ವಿಲ್ ತಲುಪಿದ ಕಿಂಗ್ ಹೆಂಡತಿಗೆ ಕಾಗದ ಬರೆದು ಕೆಲವು ಪುಸ್ತಕ ತರುವಂತೆ ಕೇಳಿದರು. ಬೈಬಲ್, ನಿಘಂಟು, ಅವುಗಳ ಜೊತೆ ಸ್ಟ್ಯಾನ್ಲಿ ಜೋನ್ಸ್ ಬರೆದ ಗಾಂಧಿ ಕುರಿತ ಪುಸ್ತಕ. ಹಿಂದಿನ ವರ್ಷ, 1959ರಲ್ಲಿ, ಗಂಡ ಹೆಂಡತಿ ಇಬ್ಬರೂ ಗಾಂಧಿಯ ನಾಡನ್ನು ನೋಡಿ ಬಂದಿದ್ದರು.

ಈ ಕತೆಯಲ್ಲಿ ನನ್ನನ್ನು ಬಹಳ ಕಾಡುವವರು ಮಗನಲ್ಲ, ತಂದೆ. ಎಲ್ಲರೂ ಡ್ಯಾಡಿ ಕಿಂಗ್ ಎಂದು ಕರೆಯುತ್ತಿದ್ದ ಹಿರಿಯ ಮಾರ್ಟಿನ್ ಲೂಥರ್ ಕಿಂಗ್. ಅಟ್ಲಾಂಟಾದ ಎಬನೇಸರ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ, ದನಿಯಲ್ಲೂ ಮೈಕಟ್ಟಿನಲ್ಲೂ ದೊಡ್ಡ ಆಳು. ಆತನ ಒಲವು ರಿಪಬ್ಲಿಕನ್ ಪಕ್ಷದ ಕಡೆಗಿತ್ತು. ಅದರಲ್ಲಿ ಅಚ್ಚರಿಯೇನಿಲ್ಲ. ಅದು ಗುಲಾಮಗಿರಿ ಮುರಿದ ಲಿಂಕನ್ನನ ಪಕ್ಷ, ದಕ್ಷಿಣದ ಡೆಮಾಕ್ರಟರೋ ಬೇಲಿ ಹಾಕಿ ಆಳುತ್ತಿದ್ದ ಬಿಳಿಯರು. ಆದರೆ ಕೆನಡಿಗೆ ಓಟು ಹಾಕದಿರಲು ಆತ ಕೊಟ್ಟುಕೊಂಡ ಕಾರಣ ಅದಲ್ಲ. ಕೆನಡಿ ಕ್ಯಾಥೊಲಿಕ್.

ಆಗಿನ ಅಮೆರಿಕದಲ್ಲಿ ಈ ಶಂಕೆ ಬೀದಿ ಮಾತಷ್ಟೇ ಆಗಿರಲಿಲ್ಲ. 1928ರಲ್ಲಿ ಆಲ್ ಸ್ಮಿತ್ ಎಂಬ ಕ್ಯಾಥೊಲಿಕ್ ಸ್ಪರ್ಧಿಸಿ ಸೋತಿದ್ದರು. 1960ರ ಸೆಪ್ಟೆಂಬರಿನಲ್ಲಿ ನಾರ್ಮನ್ ವಿನ್ಸೆಂಟ್ ಪೀಲ್ ಅವರಂಥ ಹೆಸರಾಂತ ಪ್ರೊಟೆಸ್ಟೆಂಟ್ ಪಾದ್ರಿಗಳು ಸಭೆ ಸೇರಿ, ಪೋಪ್‌ಗೆ ತಲೆಬಾಗುವವನು ದೇಶಕ್ಕೆ ಹೇಗೆ ನಿಷ್ಠನಾದಾನು ಎಂದು ಕೇಳಿದ್ದರು. ಸೆಪ್ಟೆಂಬರ್ 12ರಂದು ಕೆನಡಿ ಹ್ಯೂಸ್ಟನ್ ಪಟ್ಟಣದಲ್ಲಿ ಪಾದ್ರಿಗಳ ಎದುರೇ ನಿಂತು, ಚರ್ಚು ಬೇರೆ ಸರ್ಕಾರ ಬೇರೆ ಎಂದು ಬಿಡಿಸಿ ಹೇಳಿದರು. ಅಮೆರಿಕದ ಒಳ್ಳೆಯ ಭಾಷಣಗಳಲ್ಲಿ ಅದೂ ಒಂದು. ಡ್ಯಾಡಿ ಕಿಂಗ್ ಅವರ ಮನಸ್ಸು ಮಾತ್ರ ಅದರಿಂದ ಅಲುಗಲಿಲ್ಲ.

ಅಲುಗಿಸಿದ್ದು ಎರಡು ನಿಮಿಷವೂ ನಡೆಯದ ಒಂದು ಫೋನ್ ಮಾತು. ಕೆನಡಿ ಪಾಳೆಯದಲ್ಲಿ ನಾಗರಿಕ ಹಕ್ಕುಗಳ ಕೆಲಸ ನೋಡುತ್ತಿದ್ದ ಹ್ಯಾರಿಸ್ ವಾಫರ್ಡ್, ಕೆನಡಿಯೇ ಕೊರೆಟ್ಟಾಗೆ ಫೋನ್ ಮಾಡಲಿ ಎಂಬ ಯೋಚನೆಯನ್ನು ಕೆನಡಿಯ ಭಾವ ಸಾರ್ಜೆಂಟ್ ಶ್ರೈವರ್‌ಗೆ ದಾಟಿಸಿದರು. ಅಕ್ಟೋಬರ್ 26ರ ಬೆಳಿಗ್ಗೆ ಷಿಕಾಗೋ ವಿಮಾನ ನಿಲ್ದಾಣದ ಬಳಿಯ ಹೋಟೆಲಿನ ಕೋಣೆ. ಸುತ್ತ ನಿಂತ ಲೆಕ್ಕಾಚಾರದ ಮಂದಿ ಕೇಳಿಸಿಕೊಂಡರೆ ಬೇಡವೆನ್ನುತ್ತಾರೆ ಎಂದು ಗೊತ್ತಿದ್ದ ಶ್ರೈವರ್, ಒಬ್ಬೊಬ್ಬರೇ ಆಚೆ ಹೋಗುವ ತನಕ ಕಾದರು. ಆಮೇಲೆ ವಿಷಯ ತೆಗೆದರು. ಕೆನಡಿ ಒಪ್ಪಿದರು, ಫೋನ್ ಹಚ್ಚಿದರು. ಅತ್ತ ಕೊರೆಟ್ಟಾ ಮಾವನ ಜೊತೆ ವಕೀಲರನ್ನು ಕಾಣಲು ಸಿದ್ಧರಾಗುತ್ತಿದ್ದರು. ನಿಮಗೆ ಕಷ್ಟದ ಹೊತ್ತು, ನೀವು ಬಸುರಿ ಎಂದು ಕೇಳಿದೆ, ನನ್ನಿಂದೇನಾದರೂ ಆಗಬೇಕಿದ್ದರೆ ಹೇಳಿ. ಮಾತಿನ ಸಾರ ಇಷ್ಟೇ.

ತಮ್ಮ ರಾಬರ್ಟ್ ಕೆನಡಿ ಇದನ್ನು ಕೇಳಿ ಕೆಂಡವಾದರು. ದಕ್ಷಿಣದ ಬಿಳಿಯರ ಓಟು ಕೈಬಿಟ್ಟಿತೆಂದು ವಾಫರ್ಡ್ ಮತ್ತು ಶ್ರೈವರ್ ಮೇಲೆ ಹರಿಹಾಯ್ದರು. ಅಷ್ಟಾದ ಮೇಲೆ ನ್ಯಾಯಾಧೀಶರಿಗೆ ತಾವೇ ಫೋನ್ ಮಾಡಿದರು! 27ರಂದು ಕಿಂಗ್ ಬಿಡುಗಡೆಯಾದರು.

ನಿಕ್ಸನ್‌ಗೆ ಕಿಂಗ್ ಅಪರಿಚಿತರಲ್ಲ. ಇಬ್ಬರ ನಡುವೆ ಕೆನಡಿಗಿಂತ ಹೆಚ್ಚಿನ ಒಡನಾಟವಿತ್ತು. ಬೇಸ್‌ಬಾಲ್‌ನ ದೊಡ್ಡ ಲೀಗಿನಲ್ಲಿ 1947ರಲ್ಲಿ ಬಣ್ಣದ ಗೋಡೆ ಒಡೆದ ಜಾಕಿ ರಾಬಿನ್ಸನ್ ಆಗ ನಿಕ್ಸನ್ ಪರ ಊರೂರು ತಿರುಗುತ್ತಿದ್ದರು. ಏನಾದರೂ ಹೇಳಿ ಎಂದು ಅವರು ನಿಕ್ಸನ್‌ರನ್ನು ಬೇಡಿಕೊಂಡರು. ಅದು ಪ್ರದರ್ಶನವಾಗುತ್ತದೆ ಎಂದು ನಿಕ್ಸನ್ ಸುಮ್ಮನಾದರು. ರಾಬಿನ್ಸನ್ ನೊಂದರು, ಆದರೂ ಕೊಟ್ಟ ಬೆಂಬಲ ಹಿಂತೆಗೆಯಲಿಲ್ಲ. ಆ ನಿಷ್ಠೆಯನ್ನು ನಾನು ಹಗುರವಾಗಿ ಕಾಣಲಾರೆ. ತನ್ನ ಜನವನ್ನು ಒಂದೇ ಪಕ್ಷದ ಕೈಗೆ ಒಪ್ಪಿಸಬಾರದು ಎಂಬ ನಂಬಿಕೆ ಅದರ ಹಿಂದಿತ್ತು. ನಿಕ್ಸನ್‌ರ ಮೌನ ಅಂಥ ನಂಬಿಕೆಗೆ ಮಾಡಿದ ಅನ್ಯಾಯ.

ಕಿಂಗ್ ಬಿಡುಗಡೆಯಾದ ರಾತ್ರಿ ಎಬನೇಸರ್ ಚರ್ಚು ಕಿಕ್ಕಿರಿಯಿತು. ಕಿರಿಯ ಕಿಂಗ್ ಕೆನಡಿಗೆ ಕೃತಜ್ಞತೆ ಹೇಳಿದರು, ಆದರೆ ಯಾರಿಗೆ ಓಟು ಹಾಕಿ ಎಂದು ಹೇಳಲಿಲ್ಲ. ಅವರ ಗೆಳೆಯ ರಾಲ್ಫ್ ಅಬರ್ನಥಿ, ನಿಕ್ಸನ್ ಬಿಲ್ಲೆಗಳನ್ನು ಎದೆಯಿಂದ ಕಿತ್ತುಹಾಕುವ ಹೊತ್ತು ಬಂತು ಎಂದರು. ಡ್ಯಾಡಿ ಕಿಂಗ್ ಎದ್ದು ನಿಂತು ಬಚ್ಚಿಡದೆ ಹೇಳಿದರು: ಧರ್ಮದ ಕಾರಣಕ್ಕೆ ಈತನಿಗೆ ಓಟು ಹಾಕಬಾರದೆಂದಿದ್ದೆ, ನನ್ನ ಸೊಸೆಯ ಕಣ್ಣೀರು ಒರೆಸಲು ಮುಂದಾದವನು ಕ್ಯಾಥೊಲಿಕ್ಕಾಗಲಿ ಮತ್ತೊಂದಾಗಲಿ ನನ್ನ ಅಧ್ಯಕ್ಷ. ತನ್ನ ಬಳಿ ಒಂದು ಸೂಟ್‌ಕೇಸ್ ತುಂಬ ಓಟುಗಳಿವೆ, ಅದನ್ನು ಒಯ್ದು ಕೆನಡಿಯ ಮಡಿಲಿಗೆ ಸುರಿಯುತ್ತೇನೆ ಎಂದರು.

ಚರ್ಮದ ಬಣ್ಣಕ್ಕಾಗಿ ಬದುಕಿಡೀ ಅವಮಾನ ಉಂಡ ಮನುಷ್ಯ, ಇನ್ನೊಬ್ಬನ ಪೂಜೆಯ ರೀತಿಗಾಗಿ ಅವನನ್ನು ದೂರವಿಟ್ಟಿದ್ದ. ಹಾಗೆ ದೂರವಿಟ್ಟಿದ್ದನ್ನು ಸಾವಿರ ಕಿವಿಗಳ ಮುಂದೆ ಒಪ್ಪಿಕೊಂಡ. ನಾಯಕರು ಪಕ್ಷ ದಾಟುವಾಗ ಆರ್ಥಿಕತೆ, ಅನುಭವ ಎಂದೆಲ್ಲ ಕಾರಣ ಕೊಡುತ್ತಾರೆ; ಇಷ್ಟು ಬೆತ್ತಲೆಯಾದ ಕಾರಣ ಕೊಟ್ಟವರನ್ನು ನಾನು ಹೆಚ್ಚು ಬಲ್ಲೆನೆನ್ನಲಾರೆ. ಕಿಂಗ್ ಅಂಥವರಿಗೂ ಇಂಥ ತಂದೆಯೇ ಎಂದು ಕೆನಡಿ ವಾಫರ್ಡ್ ಬಳಿ ಬೆರಗಾದರಂತೆ. ಮರುಕ್ಷಣವೇ, ನಮಗೆಲ್ಲರಿಗೂ ತಂದೆಯರಿದ್ದಾರಲ್ಲ ಎಂದರಂತೆ.

ನಲವತ್ತೆಂಟು ವರ್ಷದ ನಂತರ, ಕಿಂಗ್ ಬಂಧನವಾದ ಅದೇ ತಾರೀಖು, 2008ರ ಅಕ್ಟೋಬರ್ 19, ರಿಪಬ್ಲಿಕನ್ ಪಕ್ಷದ ಕಾಲಿನ್ ಪವೆಲ್ ಟಿವಿಯಲ್ಲಿ ಕೂತು ಬರಾಕ್ ಒಬಾಮಾರನ್ನು ಬೆಂಬಲಿಸಿದರು. ಒಬಾಮಾ ಮುಸ್ಲಿಮ್ ಎಂಬ ಪುಕಾರಿಗೆ ಅವರು ಕ್ರೈಸ್ತ ಎಂಬ ಉತ್ತರ ಸಾಲದು, ಮುಸ್ಲಿಮನಾದರೆ ತಪ್ಪೇನು ಎಂದು ಕೇಳಬೇಕು ಎಂದರು. ಇರಾಕಿನಲ್ಲಿ ಸತ್ತ ಇಪ್ಪತ್ತರ ಮುಸ್ಲಿಮ್ ಸೈನಿಕನೊಬ್ಬನ ಸಮಾಧಿಗೆ ತಲೆಯಾನಿಸಿ ಕೂತ ತಾಯಿಯ ಫೋಟೋ ಅವರ ಮನಸ್ಸಿನಲ್ಲಿತ್ತು.

1960ಕ್ಕೆ ಮರಳುವುದಾದರೆ, ಓಟು ಕೂಡಿಸುವ ಕೆಲಸ ಸದ್ದಿಲ್ಲದೆ ನಡೆಯಿತು. ವಾಫರ್ಡ್, ಪತ್ರಕರ್ತ ಲೂಯಿ ಮಾರ್ಟಿನ್ ಮೊದಲಾದವರು ಕಿಂಗ್ ಪ್ರಕರಣದ ಕುರಿತು ಕರಪತ್ರ ಅಚ್ಚು ಹಾಕಿಸಿದರು. ತೆಳುನೀಲಿ ಕಾಗದ, ಹೊಣೆ ಫಿಲಡೆಲ್ಫಿಯಾದ ಇಬ್ಬರು ಪಾದ್ರಿಗಳದು. ಸುಮಾರು 20 ಲಕ್ಷ ಪ್ರತಿಗಳು ಊರೂರು ಸೇರಿದವು. ನವೆಂಬರ್ 6ರ ಭಾನುವಾರ, ಪ್ರಾರ್ಥನೆ ಮುಗಿಸಿ ಹೊರಬಂದ ಕಪ್ಪುಜನರ ಕೈಗೆ ಚರ್ಚಿನ ಬಾಗಿಲಲ್ಲೇ ಅವು ಸಿಕ್ಕವು. ಬಿಳಿಯರ ಪತ್ರಿಕೆಗಳಿಗೆ ಇದರ ಸುಳಿವು ಹತ್ತಿದ್ದು ಕಡಿಮೆ.

ನವೆಂಬರ್ 8ರಂದು ಬಿದ್ದ ಆರೂ ಮುಕ್ಕಾಲು ಕೋಟಿಗೂ ಮೀರಿದ ಓಟುಗಳಲ್ಲಿ ಕೆನಡಿಯ ಮುನ್ನಡೆ ಒಂದೂಕಾಲು ಲಕ್ಷಕ್ಕೂ ಕಡಿಮೆ. ಇಲಿನಾಯ್ ರಾಜ್ಯದಲ್ಲಂತೂ ಒಂಬತ್ತು ಸಾವಿರದೊಳಗೆ. ಗ್ಯಾಲಪ್ ಲೆಕ್ಕದಂತೆ 1956ರಲ್ಲಿ ಬಿಳಿಯರಲ್ಲದವರ ಶೇ 39ರಷ್ಟು ಓಟು ಪಡೆದಿದ್ದ ರಿಪಬ್ಲಿಕನ್ ಪಕ್ಷಕ್ಕೆ 1960ರಲ್ಲಿ ಸಿಕ್ಕಿದ್ದು ಶೇ 32. ನಾಗರಿಕ ಹಕ್ಕು ಮಸೂದೆಯ ವಿರುದ್ಧ ಓಟು ಹಾಕಿದ್ದ ಗೋಲ್ಡ್‌ವಾಟರ್ 1964ರಲ್ಲಿ ಅಭ್ಯರ್ಥಿಯಾದಾಗ ಶೇ 6.

ಇಷ್ಟೆಲ್ಲ ಕೊಟ್ಟವರಿಗೆ ಕೆನಡಿಯಿಂದ ಬೇಗನೆ ಏನೂ ಬರಲಿಲ್ಲ. ಸರ್ಕಾರದ ನೆರವಿನ ವಸತಿಯಲ್ಲಿ ಬಣ್ಣಭೇದವನ್ನು ಪೆನ್ನಿನ ಒಂದು ಗೀಟಿನಲ್ಲಿ ಅಳಿಸಬಹುದು ಎಂದು ಚುನಾವಣೆಯಲ್ಲಿ ಹೇಳಿದ್ದವರು, ಗೆದ್ದ ಮೇಲೆ ದಕ್ಷಿಣದ ತಮ್ಮದೇ ಪಕ್ಷದವರಿಗೆ ಅಂಜಿ ಮುಂದೂಡುತ್ತ ಹೋದರು. ಜನ ಶ್ವೇತಭವನಕ್ಕೆ ಅಂಚೆಯಲ್ಲಿ ಪೆನ್ನು ಕಳಿಸತೊಡಗಿದರು. ಕೆನಡಿ ಆ ಆದೇಶಕ್ಕೆ ಸಹಿ ಹಾಕಿದ್ದು 1962ರ ನವೆಂಬರ್ 20ರಂದು, ಸಂಸತ್ತಿನ ಮಧ್ಯಾವಧಿ ಚುನಾವಣೆ ಮುಗಿದ ಮೇಲೆ.