ಪ್ರಾಣಿಚರ್ಯೆಯ ಅವಲೋಕನ: ಮೃಗಾಲಯದಲ್ಲಿಯೂ ನಿಡುಗಲ್ ಸೀಮೆಯಲ್ಲಿಯೂ

ಅಮರಕೋಶವು ಕಪಿಗೆ ಹೇಳುವ ಪರ್ಯಾಯಪದಗಳಲ್ಲಿ ಕೆಲವು ಬರಿಯ ಹೆಸರುಗಳಲ್ಲ, ಅವಲೋಕನದ ಫಲಗಳು. ಕೊಂಬೆಗಳಲ್ಲಿ ಬಾಳುವುದರಿಂದ ಶಾಖಾಮೃಗ. ನೆಗೆದು ಸಾಗುವುದರಿಂದ ಪ್ಲವಗ. ಮೋರೆಯಲ್ಲಿ ನೆರಿಗೆಗಳಿರುವುದರಿಂದ ವಲೀಮುಖ. ಕನ್ನಡವಾದರೋ ಜಾತಿಭೇದವನ್ನು ಹಿಡಿದಿದೆ. ತಲೆಯ ಮೇಲೆ ಟೊಪ್ಪಿಗೆಯಂತೆ ಕೂದಲುಳ್ಳುದು ಕೋತಿ, ಕರಿಮೋರೆಯ ನೀಳಬಾಲದ್ದು ಮುಸುವ, ಮುಖದ ಸುತ್ತ ನರೆಗೂದಲ ಕೇಸರವುಳ್ಳುದು ಸಿಂಗಳೀಕ, ಇರುಳಿನಲ್ಲಿ ಚರಿಸುವ ಬಾಲವಿಲ್ಲದ ಪುಟ್ಟ ಜೀವಿ ಕಾಡುಪಾಪ. (ಪೇಟೆಯ ಮಾತಿನಲ್ಲಿ ಇವೆಲ್ಲ ಮಂಗಗಳೇ ಆಗಿಬಿಟ್ಟಿರುವುದು ಭಾಷೆಗೆ ನಷ್ಟ.) ವಿದ್ಯಾರ್ಥಿಗಳೊಡನೆ ಪ್ರಾಣಿಚರ್ಯೆಯನ್ನು ಅಭ್ಯಸಿಸುವ ಉಪಾಧ್ಯಾಯನಿಗೆ ಈ ಎರಡು ಬಗೆಯ ದೃಷ್ಟಿಯೂ ಅವಶ್ಯಕ.

1892ರಲ್ಲಿ ಸ್ಥಾಪಿತವಾದ ಮೈಸೂರಿನ ಮೃಗಾಲಯದಂತಹ ಸ್ಥಳದಲ್ಲಿ ಅಭ್ಯಾಸವನ್ನು ಆರಂಭಿಸುವುದು ಸುಲಭ. ಅಲ್ಲಿ ಪ್ರಾಣಿಯು ಕಣ್ಮರೆಯಾಗುವುದಿಲ್ಲ. ಒಂದೊಂದನ್ನೂ ಗುರುತಿಸಿ ಹೆಸರಿಡಬಹುದು. ಮೊದಲು ಮಾಡತಕ್ಕುದು ಕ್ರಿಯೆಗಳ ಪಟ್ಟಿ: ಕುಳಿತುದು, ನಡೆದುದು, ತಿಂದುದು, ಮತ್ತೊಂದರ ಮೈಕೂದಲನ್ನು ಬಿಡಿಸಿ ನೋಡಿದುದು. ಈ ಪಟ್ಟಿಯಲ್ಲಿ ಕಂಡುದಕ್ಕೆ ಮಾತ್ರ ಸ್ಥಾನ, ಊಹಿಸಿದುದಕ್ಕಲ್ಲ. ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಈ ವಿವೇಕ ಹೊಸದಲ್ಲ. ಅನುಭಾವವು ಪ್ರತ್ಯಕ್ಷ, ಭಾವವು ಅನುಮೇಯ. ಕೋತಿಯು ಹಲ್ಲು ಕಿರಿದಾಗ ನೋಡುವವನು ಅದು ನಕ್ಕಿತೆಂದೋ ಮುನಿಯಿತೆಂದೋ ಬರೆಯುತ್ತಾನೆ. ಆದರೆ ಸದ್ದಿಲ್ಲದೆ ಹಲ್ಲು ತೋರಿಸುವುದು ಬಹುಮಟ್ಟಿಗೆ ಬಲಶಾಲಿಯ ಮುಂದೆ ದುರ್ಬಲನು ಸಲ್ಲಿಸುವ ಶರಣಾಗತಿ. ಮನುಷ್ಯನ ಅನುಭಾವಕ್ಕೆ ಸಲ್ಲುವ ಅರ್ಥವನ್ನು ಕಪಿಗೆ ಆರೋಪಿಸಿದ ಮಾತ್ರಕ್ಕೆ ಅರ್ಥವು ತಲೆಕೆಳಗಾಯಿತು.

ಇನ್ನೊಂದು ದೋಷ ಕಣ್ಣಿನದು. ಜಗಳವಾಡುವ ಪ್ರಾಣಿಯ ಕಡೆಗೆ ಎಲ್ಲರ ದೃಷ್ಟಿಯೂ ಹರಿಯುತ್ತದೆ. ಸುಮ್ಮನೆ ಕುಳಿತುದನ್ನು ಯಾರೂ ಬರೆಯರು. ಹೀಗೆ ಬರೆದ ಪುಸ್ತಕದಲ್ಲಿ ಕಪಿಕುಲವೆಲ್ಲ ಕಲಹಪ್ರಿಯವೆಂದು ತೋರುವುದು. ಇದನ್ನು ಪರಿಹರಿಸುವ ಕ್ರಮಗಳನ್ನು ಜೀನ್ ಆಲ್ಟ್‌ಮನ್ 1974ರಲ್ಲಿ ವಿಶದಪಡಿಸಿದರು. ನಿಯತವಾದ ಕಾಲದವರೆಗೆ ಒಂದೇ ಪ್ರಾಣಿಯನ್ನು ಬಿಡದೆ ನೋಡಬೇಕು. ಇಲ್ಲವೆ ನಿಯತವಾದ ಅಂತರದಲ್ಲಿ ಗುಂಪನ್ನೆಲ್ಲ ಸಾಲಾಗಿ ನೋಡಿ, ಆ ಕ್ಷಣದಲ್ಲಿ ಪ್ರತಿಯೊಂದೂ ಏನು ಮಾಡುತ್ತಿತ್ತೆಂಬುದನ್ನು ಬರೆಯಬೇಕು.

ಆದರೆ ಕ್ರಮವೆಷ್ಟೇ ಶುದ್ಧವಾದರೂ ಪಂಜರದ ಸಾಕ್ಷ್ಯಕ್ಕೆ ಮಿತಿಯುಂಟು. 1925ರಲ್ಲಿ ಲಂಡನ್ ಮೃಗಾಲಯದ ಕಪಿಗುಡ್ಡದಲ್ಲಿ ಸುಮಾರು ನೂರು ಹಾಮಾಡ್ರಿಯಾಸ್ ಬಬೂನುಗಳನ್ನು, ಬಹುಪಾಲು ಗಂಡುಗಳನ್ನೇ, ಬಿಟ್ಟರು. ಹೆಣ್ಣುಗಳಿಗಾಗಿ ನಡೆದ ಕಾದಾಟದಲ್ಲಿ ಅನೇಕ ಪ್ರಾಣಿಗಳು ಸತ್ತವು. ಜುಕರ್‌ಮನ್ 1932ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ಈ ಗುಡ್ಡವು ಮುಖ್ಯ ಆಧಾರಗಳಲ್ಲಿ ಒಂದಾಯಿತು. ಕಪಿಸಮಾಜದ ಬಂಧವೇ ಕಾಮವೆಂಬ ಮತವು ಬಹುಕಾಲ ನಿಂತಿತು. 1960ರ ದಶಕದಲ್ಲಿ ಹ್ಯಾನ್ಸ್ ಕುಮ್ಮರ್ ಇಥಿಯೋಪಿಯದಲ್ಲಿ ಅದೇ ಜಾತಿಯನ್ನು ನೋಡಿದಾಗ, ಒಂದು ಗಂಡಿನ ಜೊತೆಯ ಹೆಣ್ಣುಗಳನ್ನು ಪರಿಚಿತ ಗಂಡುಗಳು ಸಾಮಾನ್ಯವಾಗಿ ಕಸಿಯುವುದಿಲ್ಲವೆಂಬುದು ಕಂಡುಬಂದಿತು. ಲಂಡನ್ನಿನಲ್ಲಿ ಕಂಡುದು ಸುಳ್ಳಲ್ಲ. ಅದು ಆ ಗುಡ್ಡದ ಸತ್ಯ, ಜಾತಿಯ ಸತ್ಯವಲ್ಲ.

ಈ ಭೇದವನ್ನು ಧರ್ಮಶಾಸ್ತ್ರವೂ ಬಲ್ಲುದು. ಕೃಷ್ಣಮೃಗವು ಸ್ವಭಾವತಃ ಚರಿಸುವ ದೇಶವೇ ಯಜ್ಞಾರ್ಹವೆಂದು ಮನುಸ್ಮೃತಿ ಹೇಳಿದರೆ, ವ್ಯಾಖ್ಯಾತೃವಾದ ಕುಲ್ಲೂಕನು ಬಲಾತ್ಕಾರದಿಂದ ತಂದುದು ಸಲ್ಲದೆಂದು ಬಿಡಿಸುತ್ತಾನೆ. ನಿಡುಗಲ್ ಸೀಮೆಯ ಉಪಾಧ್ಯಾಯನಿಗೆ ಆ ಸ್ವಾಭಾವಿಕ ಮೃಗವು ದೂರವಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು, ಸುಮಾರು 800 ಎಕರೆ, 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲೆಂದು ಘೋಷಿತವಾಯಿತು. ಕರಿಯ ಹೋರಿಯು ತನ್ನ ನೆಲಕ್ಕೆ ಹಿಕ್ಕೆಯ ಗುಪ್ಪೆಗಳಿಂದ ಎಲ್ಲೆ ಕಟ್ಟುವುದನ್ನೂ, ಕಣ್ಣಿನ ಬಳಿಯ ಗ್ರಂಥಿಯನ್ನು ಹುಲ್ಲಿಗೂ ಗಿಡಕ್ಕೂ ಉಜ್ಜುವುದನ್ನೂ, ಕೊಂಬನ್ನು ಬೆನ್ನಿಗೆ ಚಾಚಿ ಮೂತಿಯೆತ್ತಿ ಹೆಣ್ಣಿನ ಮುಂದೆ ನಡೆಯುವುದನ್ನೂ ಅಲ್ಲಿ ನೋಡಬೇಕು. ಮೃಗಾಲಯದಲ್ಲಿ ಎಲ್ಲೆಯನ್ನು ಬೇಲಿಯೇ ಮೊದಲು ನಿಶ್ಚಯಿಸಿರುತ್ತದೆ.

ಕೊರಟಗೆರೆಯ ಸಿದ್ಧರಬೆಟ್ಟದ ಕೋತಿಗಳ ವಿಷಯ ಇವೆರಡರ ನಡುವಿನದು. ಪಂಜರವಿಲ್ಲ, ಆದರೆ ಯಾತ್ರಿಕರ ಬಾಳೆಹಣ್ಣುಂಟು. ಇಂತಲ್ಲಿ ಮನುಷ್ಯನು ಕೊಟ್ಟುದನ್ನೂ ಕೋತಿಯೇ ಹುಡುಕಿ ತಿಂದುದನ್ನೂ ವಿದ್ಯಾರ್ಥಿಗಳು ಬೇರೆಬೇರೆ ಅಂಕಣಗಳಲ್ಲಿ ಬರೆಯತಕ್ಕುದು. ಜಗಳ ನಡೆದಾಗ ಅದು ಯಾವ ಅಂಕಣದ ಆಹಾರಕ್ಕಾಗಿ ಎಂಬುದನ್ನೂ.