ಪ್ರಶ್ನೆಯೊಳಗೆ ನುಸುಳುವ ಆಜ್ಞೆ

ವಿದ್ಯುಚ್ಛಕ್ತಿಯ ಬಿಲ್ಲನ್ನು ಮೊಬೈಲ್ ಫೋನಿನಿಂದಲೇ ಕಟ್ಟುವವರೂ ಬ್ಯಾಂಕಿನ ಲೆಕ್ಕವನ್ನು ಕುಳಿತಲ್ಲಿಯೇ ನೋಡಿಕೊಳ್ಳುವವರೂ ಈಗ ಹಳ್ಳಿಗಳಲ್ಲಿ ಸಹ ಇರುವರು. ಗಾಜಿನ ಮೇಲೆ ಬೆರಳಿಟ್ಟೊಡನೆ ನಮ್ಮ ಹೆಸರೂ ಬಾಕಿಯೂ ಎದುರಿಗೆ ಬಂದು ನಿಲ್ಲುವುವು. ಅವು ಯಾವ ದಾರಿಯಿಂದ ಬಂದುವೆಂಬುದನ್ನು ಗೃಹಸ್ಥರಾದವರು ಸ್ವಲ್ಪಮಟ್ಟಿಗಾದರೂ ಅರಿತಿರುವುದು ಒಳ್ಳೆಯದು. ಏಕೆಂದರೆ ಆ ದಾರಿಯಲ್ಲಿ ಒಂದು ಬಾಗಿಲು ಸಡಿಲವಾಗಿದ್ದರೆ ಬಯಲಾಗುವುದು ನಮ್ಮ ಮನೆಯ ಗುಟ್ಟು.

ತಾಲ್ಲೂಕು ಕಚೇರಿಯಲ್ಲಿ ಅರ್ಜಿದಾರನು ಕಡತಗಳ ಕೋಣೆಗೆ ತಾನೇ ನುಗ್ಗುವಂತಿಲ್ಲವಷ್ಟೆ. ಗುಮಾಸ್ತನ ಕೈಗೆ ಅರ್ಜಿಯನ್ನು ಕೊಡಬೇಕು. ಅವನು ಒಳಹೊಕ್ಕು ಬೇಕಾದುದನ್ನು ಮಾತ್ರ ತಂದು ತೋರಿಸಬೇಕು. ಇಲ್ಲಿಯೂ ಕ್ರಮವು ಅದೇ. ನಮ್ಮ ಕೈಯಲ್ಲಿರುವ ತೆರೆಯು ಮೊದಲನೆಯ ಅಂತಸ್ತು; ಸಂಸ್ಥೆಯ ಕಂಪ್ಯೂಟರಿನಲ್ಲಿದ್ದು ವ್ಯವಹಾರದ ನಿಯಮಗಳನ್ನು ಬಲ್ಲ ಪ್ರೋಗ್ರಾಂ ಎರಡನೆಯದು; ಡೇಟಾಬೇಸ್ ಎಂಬ ಭಂಡಾರವು ಮೂರನೆಯದು. ಈ ಭಂಡಾರವು ಸಾಲು-ಅಂಕಣಗಳುಳ್ಳ ಪಟ್ಟಿಗಳ ರೂಪದಲ್ಲಿರಬೇಕೆಂದೂ, ಕೇಳುವವನು ತನಗೆ ಬೇಕಾದುದು ಯಾವುದೆಂದು ಹೇಳಿದರೆ ಸಾಕು, ಅದು ಎಲ್ಲಿದೆಯೆಂದು ಹೇಳಬೇಕಾಗಿಲ್ಲವೆಂದೂ ೧೯೭೦ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ವಿದ್ವಾಂಸರು ಪ್ರತಿಪಾದಿಸಿದರು. ಹಾಗೆ ಕೇಳುವುದಕ್ಕೆಂದೇ ಹುಟ್ಟಿದ ಭಾಷೆಗೆ ಎಸ್‌ಕ್ಯೂಎಲ್ ಎಂದು ಹೆಸರು. ಪ್ರೋಗ್ರಾಮಿಗೂ ಭಂಡಾರಕ್ಕೂ ನಡುವೆ ನಿಲ್ಲುವ ದುಭಾಷಿಗೆ ಡ್ರೈವರ್ ಎನ್ನುವರು. ಭಂಡಾರಗಳನ್ನು ಮಾಡುವ ಕಂಪನಿಗಳು ಹಲವಿದ್ದುದರಿಂದ, ದುಭಾಷಿಗಳೆಲ್ಲ ಒಂದೇ ರೀತಿಯಲ್ಲಿ ನಡೆಯಲೆಂದು ೧೯೯೨ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಒಡಿಬಿಸಿ ಎಂಬ ಕಟ್ಟಳೆಯನ್ನು ಹೊರಡಿಸಿತು. ಜಾವಾ ಭಾಷೆಯವರು ೧೯೯೭ರಲ್ಲಿ ಜೆಡಿಬಿಸಿ ಎಂಬುದನ್ನು ಸೇರಿಸಿಕೊಂಡರು.

ಈಗ ಮುಖ್ಯವಾದ ವಿಷಯಕ್ಕೆ ಬರುವೆವು. ಸಂಸ್ಕೃತವನ್ನು ಓದಿದವರಿಗೆ ‘ಇತಿ’ ಎಂಬ ಅವ್ಯಯದ ಪ್ರಯೋಜನವು ತಿಳಿದೇ ಇದೆ. ತನ್ನ ಹಿಂದಿರುವ ಮಾತು ಮತ್ತೊಬ್ಬರದೆಂದು ಅದು ಗೆರೆ ಎಳೆದು ತೋರಿಸುವುದು. ಕನ್ನಡದ ‘ಎಂದು’ ಮಾಡುವ ಕೆಲಸವೂ ಅದೇ. “ಹೊರಗೆ ಹೋಗು ಎಂದು ಅವನು ಹೇಳಿದನು” ಎಂಬುದನ್ನು ಕೇಳಿದವನು ಎದ್ದು ಹೊರಗೆ ಹೋಗುವುದಿಲ್ಲ. ‘ಎಂದು’ ಮತ್ತು ಅದರ ಮುಂದಿನದು ಬಿದ್ದುಹೋದರೆ ಹೋಗಬೇಕಾಗುವುದು. ಎಸ್‌ಕ್ಯೂಎಲ್ ಭಾಷೆಯಲ್ಲಿ ಈ ಕೆಲಸಕ್ಕೆ ಉದ್ಧರಣ ಚಿಹ್ನೆಯೇ ಆಧಾರ. ನಡುವಣ ಪ್ರೋಗ್ರಾಂ “ಗ್ರಾಹಕರ ಪಟ್ಟಿಯಿಂದ ಕೊಡು, ಯಾವ ಸಾಲಿನಲ್ಲಿ ಹೆಸರು ‘ರಾಮಯ್ಯ’” ಎಂಬಂತೆ ವಾಕ್ಯವನ್ನು ಹೆಣೆದು ಒಳಗೆ ಕಳುಹಿಸುವುದು. ರಾಮಯ್ಯ ಎಂಬುದು ಮಾತ್ರ ಹೊರಗಿನವನು ಬರೆದುಕೊಟ್ಟ ಪದ. ಅವನು ದುಷ್ಟನಾಗಿದ್ದು, ಹೆಸರಿನ ಜಾಗದಲ್ಲಿ ತಾನೇ ಒಂದು ಚಿಹ್ನೆಯನ್ನು ಬರೆದು ಉದ್ಧರಣವನ್ನು ಮುಗಿಸಿ, “ಅಥವಾ ಒಂದಕ್ಕೆ ಒಂದು ಸಮ” ಎಂದು ಸೇರಿಸಿಬಿಟ್ಟರೆ? ಒಂದಕ್ಕೆ ಒಂದು ಸಮವೆಂಬುದು ಎಲ್ಲ ಸಾಲುಗಳಿಗೂ ನಿಜವೇ. ಭಂಡಾರವು ವಂಚನೆಯನ್ನರಿಯದೆ ಎಲ್ಲ ಗ್ರಾಹಕರ ಸಾಲುಗಳನ್ನೂ ತೆಗೆದು ಕೊಡುವುದು.

ಇದು ಕೇವಲ ಊಹೆಯಲ್ಲ. ಈ ತಂತ್ರವು ೧೯೯೮ರಲ್ಲಿಯೇ ಬಹಿರಂಗವಾಗಿ ವಿವರಿಸಲ್ಪಟ್ಟಿತ್ತು. ಆದರೂ ೨೦೧೫ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಎಂಬ ದೂರವಾಣಿ ಕಂಪನಿಯಿಂದ ೧,೫೬,೯೫೯ ಗ್ರಾಹಕರ ಹೆಸರು, ವಿಳಾಸ, ಜನ್ಮದಿನಾಂಕ ಮೊದಲಾದುವು ಇದೇ ಬಗೆಯಲ್ಲಿ ಅಪಹೃತವಾದುವು. ೧೫,೬೫೬ ಮಂದಿಯ ಬ್ಯಾಂಕ್ ಲೆಕ್ಕದ ಸಂಖ್ಯೆಯೂ ಹೋಯಿತು. ಆ ಬಾಗಿಲು ಕಂಪನಿಯವರೇ ಇಟ್ಟುದಲ್ಲ. ೨೦೦೯ರಲ್ಲಿ ಟಿಸ್ಕಾಲಿ ಎಂಬ ಮತ್ತೊಂದು ಕಂಪನಿಯ ಬ್ರಿಟಿಷ್ ವ್ಯವಹಾರವನ್ನು ಕೊಂಡಾಗ ಅದರೊಡನೆ ಬಂದ ಹಳೆಯ ಪುಟಗಳವು. ಅವು ಇನ್ನೂ ತೆರೆದಿರುವುವೆಂಬುದೇ ಅವರ ಲಕ್ಷ್ಯದಲ್ಲಿರಲಿಲ್ಲ. ೨೦೧೫ರ ಜುಲೈ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಕಳ್ಳರು ಎರಡು ಸಲ ಬಂದು ಹೋಗಿದ್ದರೂ ಯಾರೂ ಗಮನಿಸಲಿಲ್ಲ. ಅಲ್ಲಿನ ಮಾಹಿತಿ ಆಯುಕ್ತರು ೨೦೧೬ರಲ್ಲಿ ಕಂಪನಿಗೆ ೪ ಲಕ್ಷ ಪೌಂಡುಗಳ ದಂಡವನ್ನು ವಿಧಿಸಿದರು. ಪಿತ್ರಾರ್ಜಿತವಾಗಿ ಬಂದ ಮನೆಯ ಹಿತ್ತಲ ಬಾಗಿಲನ್ನು ಒಮ್ಮೆಯಾದರೂ ನೋಡದ ಯಜಮಾನನಿಗೆ ಇದಕ್ಕಿಂತ ಕಡಿಮೆಯ ಶಿಕ್ಷೆಯು ಸಾಲದೆಂದೇ ನಮ್ಮ ಅಭಿಪ್ರಾಯ.

ಇದಕ್ಕೆ ಪರಿಹಾರವು ಬಹು ಸರಳವಾದುದು. ಜೆಡಿಬಿಸಿಯಲ್ಲಿ ಅದು ಮೊದಲಿನಿಂದಲೂ ಇದೆ. ವಾಕ್ಯವನ್ನು ಹೆಸರಿಲ್ಲದೆ, ಅದರ ಸ್ಥಾನದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು, ಮುಂಚಿತವಾಗಿ ಭಂಡಾರಕ್ಕೆ ಒಪ್ಪಿಸಬೇಕು. ಭಂಡಾರವು ಆ ವಾಕ್ಯದ ಅನ್ವಯವನ್ನು ನಿಶ್ಚಯಿಸಿಕೊಂಡಮೇಲೆ ಹೆಸರನ್ನು ಬೇರೆಯಾಗಿ ಕಳುಹಿಸಬೇಕು. ಅನ್ವಯವು ಮುಗಿದಿರುವುದರಿಂದ, ಬಂದ ಅಕ್ಷರಗಳಲ್ಲಿ ಯಾವ ಚಿಹ್ನೆಯಿದ್ದರೂ ಯಾವ ಆಜ್ಞೆಯಿದ್ದರೂ ಅದು ಬರಿಯ ಹೆಸರೆಂದೇ ಎಣಿಸಲ್ಪಡುವುದು. ಕೆಲವರು ಇಷ್ಟನ್ನು ಮಾಡಲಾರದೆ, ಹೆಸರಿನಲ್ಲಿ ಚಿಹ್ನೆಯೇ ಇರಕೂಡದೆಂದು ನಿಷೇಧಿಸುವರು. ಆಗ ಐರ್ಲೆಂಡಿನ ಓ’ಬ್ರಯನ್ ಮನೆತನದವರು ತಮ್ಮ ಸ್ವಂತ ಹೆಸರನ್ನು ಬರೆಯಲಾರದೆ ಹೋಗುವರು!

ಆದರೆ ಈ ಉಪಾಯವು ಹೆಸರು, ಸಂಖ್ಯೆ ಮುಂತಾದ ಬೆಲೆಗಳಿಗೆ ಮಾತ್ರ ಸಲ್ಲುವುದು. ಯಾವ ಪಟ್ಟಿ, ಯಾವ ಅಂಕಣ ಎಂಬುದನ್ನು ಹೀಗೆ ಬೇರೆಯಾಗಿ ಕಳುಹಿಸಲು ಬರುವುದಿಲ್ಲ. ಅವುಗಳನ್ನು ಪ್ರೋಗ್ರಾಂ ತನ್ನಲ್ಲಿರುವ ಗೊತ್ತಾದ ಹೆಸರುಗಳೊಡನೆ ಹೋಲಿಸಿಯೇ ಸ್ವೀಕರಿಸಬೇಕು. ಇದಲ್ಲದೆ, ನಡುವಣ ಪ್ರೋಗ್ರಾಮಿಗೆ ಭಂಡಾರದಲ್ಲಿ ಎಷ್ಟು ಅಧಿಕಾರವನ್ನು ಕೊಟ್ಟಿದೆಯೆಂಬುದೂ ಮುಖ್ಯ. ಬಿಲ್ಲನ್ನು ತೋರಿಸುವುದಷ್ಟೇ ಅದರ ಕೆಲಸವಾಗಿದ್ದರೆ, ಬಿಲ್ಲುಗಳ ಪಟ್ಟಿಯನ್ನು ಓದುವ ಅಪ್ಪಣೆಯೊಂದೇ ಸಾಕು. ಅಳಿಸುವ, ತಿದ್ದುವ, ಬ್ಯಾಂಕ್ ಲೆಕ್ಕಗಳನ್ನು ನೋಡುವ ಅಪ್ಪಣೆಯು ಅದಕ್ಕೆ ಬೇಕಾಗಿಲ್ಲ. ಆಗ ಒಳನುಸುಳಿದವನ ಕೈಗೂ ಬಿಲ್ಲುಗಳಲ್ಲದೆ ಬೇರೆ ಏನೂ ಸಿಕ್ಕದು.